ಗುಡ್ಡ ಕಾಣದ ಒಂದು ತಾಸು

ಕಿಟಕಿಯಿಂದ ಮಳೆ ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತಿದೆ. ಕೈಯಲ್ಲಿರುವ ಫೋನು ಮಾತ್ರ ರಾಯಚೂರಿನಲ್ಲಿ ನಿಚ್ಚಳ ಆಕಾಶ ಎನ್ನುತ್ತಿದೆ. ನಗಬೇಡಿ, ಒಂದು ಕಾಲಕ್ಕೆ ನಾನೂ ಈ ಫೋನಿನಂಥವಳೇ ಆಗಿದ್ದೆ.

ಇಲ್ಲಿನ ಸಣ್ಣ ಹವಾಮಾನ ಕೇಂದ್ರಕ್ಕೆ ಆಗಷ್ಟೇ ಸೇರಿದ್ದೆ. ಮಾಳಿಗೆ ಹತ್ತಿ, ಎಷ್ಟು ದೂರ ಕಾಣುತ್ತದೆಂದು ನೋಡಿ ಬರೆಯುವುದು ನನ್ನ ಕೆಲಸ. ಕೋಟೆಯ ಗುಡ್ಡ ಕಂಡರೆ ಇಷ್ಟು, ಅದರಾಚೆಯ ಚಿಮಣಿ ಕಂಡರೆ ಇನ್ನಷ್ಟು. ನಾನೋ ಚಹಾ ಹೀರುತ್ತ ನಿನ್ನೆಯ ಅಂಕಿಯನ್ನೇ ನೋಡಿ ಬರೆದುಬಿಡುತ್ತಿದ್ದೆ. ಗುಡ್ಡವೇನು ಎದ್ದು ಮಾನ್ವಿ ಸಂತೆಗೆ ಹೋಗುತ್ತದೆಯೇ?

ಕೃಷ್ಣೆ ಉಕ್ಕಿದ ಒಂದು ಬೆಳಿಗ್ಗೆ ಹೊಳೆದಂಡೆಯ ಗೂಗಲ್ ಎಂಬ ಹಳ್ಳಿಯ ಹತ್ತಿರದ ನಡುಗಡ್ಡೆಯಲ್ಲಿ ದಿನ ತುಂಬಿದ ಬಸುರಿಯೊಬ್ಬಳು ಸಿಕ್ಕಿಬಿದ್ದಳು. ಬೇನೆ ಶುರುವಾಗಿತ್ತು. ಅವಳನ್ನು ಕರೆತರಲು ನಮ್ಮೂರ ಮೈದಾನದಲ್ಲಿ ಹೆಲಿಕಾಪ್ಟರ್ ಸಜ್ಜಾಗಿ ನಿಂತಿತ್ತು. ಪೈಲಟ್ ಮೇಡಂ ಫೋನ್ ಮಾಡಿದರು: "ಈಗ ಎಷ್ಟು ದೂರ ಕಾಣ್ತಿದೆ?"

"ಐದು ಕಿಲೋಮೀಟರ್ ರೀ," ಎಂದೆ, ಪುಸ್ತಕ ನೋಡಿ.

ನಮ್ಮ ಹಿರಿಯರಾದ ತಿಮ್ಮಯ್ಯ ಸರ್ ಫೋನು ಕಸಿದುಕೊಂಡರು. "ಮೇಡಂ, ಎರಡು ನಿಮಿಷ ತಡೀರಿ." ನನ್ನತ್ತ ತಿರುಗಿ, "ನಡಿಯವ್ವಾ ಮ್ಯಾಲ. ನನ್ನ ಕಣ್ಣಾಗ ಪೊರಿ ಬಂದದ, ನೀನಽ ನೋಡಿ ಹೇಳು."

ಹತ್ತಿದೆವು. ಗುಡ್ಡವೇ ಇರಲಿಲ್ಲ! ಬರೀ ಬಿಳಿ ಮಂಜು. "ಸರ್, ಏನೂ ಕಾಣವಲ್ದು..."

"ನನಗ್ಯಾಕ ಹೇಳ್ತಿ? ಆಕಿಗೆ ಹೇಳು. ಹಿಂಗಽ ಹಾರಿದ್ರ ಆಕಿನೂ ಇಲ್ಲ, ಬಸುರಿನೂ ಇಲ್ಲ."

ಹೇಳಿದೆ. ಮೊದಲು ಹೇಳಿದ್ದು ತಪ್ಪೆಂದೂ ಒಪ್ಪಿಕೊಂಡೆ. ಸರ್ ಅಷ್ಟಕ್ಕೇ ಬಿಡಲಿಲ್ಲ. ಗೂಗಲ್ ಶಾಲೆಯ ಮಾಸ್ತರರಿಗೆ ಫೋನ್ ಹಚ್ಚಿದರು. "ಹೊಳಿ ಆಚಿ ದಂಡಿ ಕಾಣ್ತದೇನ್ರಿ? ಕಂಡ ಕೂಡ್ಲೆ ಹೇಳ್ರಿ." ಒಂದು ತಾಸಿನ ಮೇಲೆ ಅಲ್ಲಿ ದಂಡೆ ಕಂಡಿತು, ಇಲ್ಲಿ ಗುಡ್ಡ ಕಂಡಿತು. ಹೆಲಿಕಾಪ್ಟರ್ ಹೋಯಿತು, ಬಸುರಿಯನ್ನು ಹೊತ್ತು ಬಂತು. ಸಂಜೆಗೆ ಹೆಣ್ಣು ಕೂಸು.

ಆಮೇಲೆ ಊರಿಗೊಬ್ಬರನ್ನು ಹಿಡಿದೆವು. ಬಾಗಲವಾಡದ ಅಂಗಡಿಯವರು ನೀರಿನ ಟಾಕಿ ಕಾಣುತ್ತದೋ ಇಲ್ಲವೋ ಹೇಳುತ್ತಾರೆ. ಹಿರೇಕೊಟ್ನೆಕಲ್ಲಿನ ಅಂಗನವಾಡಿ ಟೀಚರು ಊರಾಚೆಯ ಬೇವಿನ ಮರ ನೋಡಿ ಹೇಳುತ್ತಾರೆ. ಉಪಗ್ರಹದ ಚಿತ್ರ ನೋಡಿದ ಮೇಲೂ ಈ ಕಡೆ ಹಾರುವ ಪೈಲಟ್‌ಗಳು ನಮಗೊಂದು ಫೋನ್ ಹಾಕಿಯೇ ಮೇಲೇರುತ್ತಾರೆ. ಹೆಮ್ಮೆಯೇ ಅಂದಿರಾ? ಹೌದ್ರೀ, ಹೊಟ್ಟೆ ತುಂಬ ಹೆಮ್ಮೆ!

ಈಗಷ್ಟೇ ಆ ತಾಯಿ ಮಗಳ ಕೈಹಿಡಿದು ಕೇಂದ್ರಕ್ಕೆ ಬಂದಿದ್ದಳು.

"ಆವತ್ತ ಹೆಲಿಕಾಪ್ಟರ್ ನಿಲ್ಲಿಸಿದಾಕಿ ನೀವಽ ಏನ್ರಿ?"

"ಹೌದವ್ವಾ."

"ಆ ಒಂದು ತಾಸು ನಿಮಗ ಎಷ್ಟು ಬೈದೀನಿ ಗೊತ್ತೇನ್ರಿ! ತಡದವರ ಬಾಯಾಗ ಮಣ್ಣು ಬೀಳಲಿ ಅಂದಿದ್ದೆ."

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೈಯಾಕ ನೀ ಉಳದ್ಯಲ್ಲವ್ವಾ," ಎಂದೆ, "ಅಷ್ಟಽ ಸಾಕು."