ವಿಷಯ ಬರೀರಿ ಅಂದ ಗುರುಬಾಯಿ

ನಾಚಾರಂ ಕಾರ್ಖಾನೆಯಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದ ಗುರುಬಾಯಿಯವರನ್ನು ನಾನು ಮೂರು ವರ್ಷ ಗೋಳು ಹೊಯ್ದುಕೊಂಡೆ. ಆ ಬುದ್ಧಿಗೆ ನನ್ನನ್ನೇ ಕೆರದಲ್ಲಿ ಹೊಡೆಯಬೇಕು.

ನಾವು ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿಗೆ ವಾಲ್ವ್ ಮಾಡುತ್ತಿದ್ದೆವು. ಮಾಲೀಕರು ಬೀದರ ಕಡೆಯವರು, ಹಾಗಾಗಿ ಗೇಟಿನಾಚೆ ತೆಲುಗು, ಒಳಗೆ ನಮ್ಮ ಕನ್ನಡ. 2001ರಲ್ಲಿ ಇ-ಮೇಲ್ ಬಂದಾಗ ಗುರುಬಾಯಿಗೆ ಐವತ್ತು ದಾಟಿತ್ತು. ರಟ್ಟಿನ ಮೇಲೆ ಕೀಬೋರ್ಡಿನ ಚಿತ್ರ ಬರೆದುಕೊಂಡು, ದಿಲ್‌ಸುಖ್‌ನಗರದಿಂದ ಬರುವ ಬಸ್ಸಿನಲ್ಲೇ ಬೆರಳಾಡಿಸಿ ಕಲಿತರು. ಎಂಥ ಹೆಂಗಸು!

ಇಡೀ ಕಾರ್ಖಾನೆಗೆ ಒಂದೇ ಕಂಪ್ಯೂಟರ್, ಒಂದೇ ಫೋನ್ ಲೈನು. ದಿನಕ್ಕೆ ಎರಡು ಸಲ ಫೋನಿನ ತಂತಿಯನ್ನು ಕಂಪ್ಯೂಟರಿಗೆ ಚುಚ್ಚಿ ಬಂದ ಮೇಲ್‌ಗಳನ್ನು ಇಳಿಸುವರು. ಪ್ರಿಂಟ್ ತೆಗೆದು, ವಿಷಯದ ಸಾಲು ನೋಡಿ ಆಯಾ ವಿಭಾಗದ ಖಾನೆಗೆ ಹಾಕುವರು. ಅಷ್ಟು ಹೊತ್ತು ಫೋನ್ ಬಂದ್.

ನಾನಿದ್ದದ್ದು ಬೇಗಂಪೇಟೆಯ ಮಾರಾಟದ ಆಫೀಸಿನಲ್ಲಿ. ವಿಷಯ ಬರೆಯಿರಿ ಎಂದು ಪ್ರತಿ ಸೋಮವಾರ ಅವರಿಂದ ಎಲ್ಲರಿಗೂ ನೆನಪೋಲೆ ಬರುತ್ತಿತ್ತು. ಸಾಲದ್ದಕ್ಕೆ ನನಗೆ ಫೋನು ಬೇರೆ.

"ವಾಸುದೇವರ, ಹೆಸರಿಡದ ಕೂಸನ್ನ ನನ್ನ ಉಡ್ಯಾಗ ಹಾಕಿ ಓಡಿ ಹೋಗ್ತೀರೇನ್ರಿ? ಇದು ಯಾರ ಮನೀದಂತ ನಾ ಕೇಳ್ಕೋತ ಅಡ್ಡಾಡಲೇನು?"

"ತೆಗದು ಓದ್ರಿ ಬಾಯಾರ, ಗೊತ್ತಾಗ್ತದ!" ಎಂದು ನಗುತ್ತಿದ್ದೆ. ಬೇಕಂತಲೇ ವಿಷಯ ಬರೆಯದೆ ಜೋಕು ಕಳಿಸುತ್ತಿದ್ದೆ. ಕತ್ತೆ ನಾನು.

2004ರ ಒಂದು ಮಧ್ಯಾಹ್ನ ಆಸ್ಪತ್ರೆಯೊಂದರ ಮೆಕ್ಯಾನಿಕ್ ನಮ್ಮದೇ ಎರಡು ವಾಲ್ವ್ ತಂದು ಮೇಜಿನ ಮೇಲಿಟ್ಟ. ಎರಡೂ ತಿರುಗದೆ ಸಿಕ್ಕಿಕೊಂಡಿದ್ದವು. ಅದೇ ತಯಾರಿಯ ಇನ್ನೂರು ವಾಲ್ವ್ ನಾಲ್ಕು ಗಂಟೆಗೆ ವರಂಗಲ್ಲಿನ ಆಸ್ಪತ್ರೆಗೆ ಹೊರಡಲಿದ್ದವು. ಉಸಿರಿಗಾಗಿ ಒದ್ದಾಡುವವರ ತಲೆದೆಸೆಯಲ್ಲಿ ಇವು!

ನಾಚಾರಂಗೆ ಫೋನ್ ಮಾಡಿದರೆ ಎಂಗೇಜ್. ಮತ್ತೆ ಎಂಗೇಜ್. ಗುರುಬಾಯಿ ಮೇಲ್ ಇಳಿಸುತ್ತಿದ್ದಾರೆ! "ವರಂಗಲ್ ಲಾರಿ ನಿಲ್ಲಿಸಿ, ವಾಲ್ವ್ ಕೆಟ್ಟಿವೆ, ನಾನು ಬರುತ್ತಿದ್ದೇನೆ" ಎಂದು ಒಂದು ಮೇಲ್ ಒಗೆದು ಆಟೋ ಹತ್ತಿದೆ. ತಾರ್ನಾಕಾ ಬಂದಾಗ ನೆನಪಾಯಿತು: ವಿಷಯ ಬರೆದಿಲ್ಲ. ಮೂರು ವರ್ಷದ ಜೋಕಿನ ಜೊತೆ ಇದನ್ನೂ ಮೂಲೆಗೆ ತಳ್ಳಿರುತ್ತಾರೆ ಅನಿಸಿ ಅಳುವೇ ಬಂತು.

ತಲುಪಿದಾಗ ನಾಲ್ಕೂವರೆ. ಲಾರಿ ಗೇಟಿನಲ್ಲೇ ನಿಂತಿತ್ತು. ಡ್ರೈವರ್ ಹಾರ್ನ್ ಬಾರಿಸಿ ಬೈಯುತ್ತಿದ್ದ. ಲಾರಿಯ ಎದುರು ಸೆರಗು ಸಿಕ್ಕಿಸಿಕೊಂಡು, ನನ್ನ ಇ-ಮೇಲ್‌ನ ಪ್ರಿಂಟ್ ಹಿಡಿದು ಗುರುಬಾಯಿ ನಿಂತಿದ್ದರು.

"ವಾಸುದೇವರು ಬರೋತನಕ ಗಾಡಿ ಬಿಡೂದಿಲ್ಲ," ಎನ್ನುತ್ತಿದ್ದರು.

ಸರಕು ಇಳಿಸಿ ಪರೀಕ್ಷಿಸಿದಾಗ ಮೂವತ್ತೊಂದು ವಾಲ್ವ್ ಸಿಕ್ಕಿಕೊಂಡವು. ನಾನು ಅವರ ಮೇಜಿನ ಮುಂದೆ ಹೋಗಿ ನಿಂತೆ.

"ಬಾಯಾರ, ವಿಷಯಾನೇ ಬರದಿದ್ದಿಲ್ಲ. ಅಷ್ಟರಾಗ ನಂದನ್ನ ಹೆಂಗ ನೋಡಿದ್ರಿ?"

"ವಿಷಯ ಇಲ್ಲದ್ದನ್ನ ನಾ ಮೊದಲ ತೆಗೀತೀನ್ರಿ. ಬರದವರು ಮೈಗಳ್ಳರಿರಬಹುದು, ಇಲ್ಲಾ ಗಾಬರೀಲೆ ಮರತಿರಬಹುದು. ಓದದ ಹೆಂಗ ತಿಳೀತದ?" ಎಂದು ನೀರು ಕುಡಿದರು. "ನಿಮ್ಮ ಜೋಕ್ ಒಂದೂ ಬಿಟ್ಟಿಲ್ಲ. ಎಲ್ಲಾ ಎದಿ ಹಿಡ್ಕೊಂಡೇ ಓದೀನಿ."

ಪ್ರಿಂಟನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿದರು. ಖಾಲಿ ಬಿಟ್ಟಿದ್ದ ಸಾಲಿನಲ್ಲಿ ನಾನು ವಿಷಯ ಬರೆದೆ.