ಬಾಗಿಲ ಹಿಂದಿನ ದೋಣಿಹುಟ್ಟು

ಬೆಂಕಿ ನೀರಿನಂತೆ ಹರಿಯುವುದನ್ನು ನಾನು ಮೊದಲು ನೋಡಿದ್ದು ಭದ್ರಾವತಿಯಲ್ಲಿ. ಫರ್ನೇಸಿನ ಬಾಯಿ ಬಿಚ್ಚಿದರೆ ಕರಗಿದ ಕಬ್ಬಿಣ ಮರಳಿನ ಕಾಲುವೆಗಳಲ್ಲಿ ಓಡುತ್ತದೆ. ಉದ್ದನೆಯ ಸಲಾಕೆ ಹಿಡಿದು ಅದಕ್ಕೆ ದಾರಿ ಮಾಡಿಕೊಡುವುದು ನನ್ನ ಕೆಲಸ. ಮೊದಲ ದಿನ ನಾನು ಸಲಾಕೆಯನ್ನು ಹುಟ್ಟಿನ ಹಾಗೆ ಹಿಡಿದದ್ದು ಕಂಡು ಮೇಸ್ತ್ರಿ, "ಇದೇನ್ ಹೊಳೆ ಅಂದ್ಕೊಂಡ್ಯೇನಯ್ಯ?" ಎಂದು ನಕ್ಕ. ಊರವರೇ, ಅಲ್ಲಾಡದ ನೆಲ ನನಗಿನ್ನೂ ಒಗ್ಗಿಲ್ಲ.

ಕೂಡಲಿಯಿಂದ ಕೆಳಗೆ, ನಮ್ಮೂರ ಕಡವಿನಲ್ಲಿ ನಾನೂ ಅಣ್ಣನೂ ದೋಣಿ ನಡೆಸಿದವರು. ಹೋದ ಮಳೆಗಾಲ ದೋಣಿ ಮಗುಚಿದಾಗ ಅವನ ಕೈ ನನ್ನ ಕೈಯಲ್ಲಿತ್ತು. ಬಿಟ್ಟುಬಿಟ್ಟೆ. ಆಮೇಲೆ ಸಿಕ್ಕಿದ್ದು ಅವನ ಹುಟ್ಟು ಮಾತ್ರ.

ನಮ್ಮ ಅಂಬಿಗರ ಕಟ್ಟಳೆ ನಿಮಗೆ ಗೊತ್ತು. ಹೊಳೆಪಾಲಾದವನ ಹುಟ್ಟನ್ನು ಬಾಗಿಲ ಹಿಂದೆ ನಿಲ್ಲಿಸಿಡಬೇಕು. ಒಡಹುಟ್ಟಿದವನು ಅದರಿಂದಲೇ ಒಮ್ಮೆ ಹೊಳೆ ದಾಟಿ, "ದಡ ಬಂತು, ಇಳಿ" ಎನ್ನಬೇಕು. ಅಲ್ಲಿಯವರೆಗೆ ಸತ್ತವನು ನಡುನೀರಿನಲ್ಲೇ ಇರುತ್ತಾನೆ. ಇಳಿಸಿದ ದಡವೇ ಅವನ ಊರು. ನನಗೆ ಧೈರ್ಯ ಸಾಲದೆ ಹುಟ್ಟನ್ನು ಹೆಗಲಿಗೇರಿಸಿ ಇಲ್ಲಿಗೆ ಓಡಿಬಂದೆ.

ಇಲ್ಲಿ ಸಾಲುಮನೆಯ ಒಂದೇ ಕೋಣೆ. ಗೋಡೆಯಾಚೆ ತಮಿಳು, ಎದುರಿಗೆ ತೆಲುಗು. ಅವ್ವನ ಜೋಳದ ರೊಟ್ಟಿ ಕನಸಾಯಿತು. ಸುಡುಬೇಸಿಗೆಯಲ್ಲೂ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಹಿಂದೆ ನಿಲ್ಲಿಸಿದ ಹುಟ್ಟಿನ ಅಲಗು ಒದ್ದೆ. ಯಾರಿಗೂ ಹೇಳದೆ ಒರೆಸಿಡುತ್ತಿದ್ದೆ.

ಒಂದು ಭಾನುವಾರ ಪೇಟೆಯಿಂದ ಬಂದರೆ ಹುಟ್ಟೇ ಇಲ್ಲ. ಪಕ್ಕದ ಮನೆಯ ಸೆಲ್ಲಮ್ಮ ಮಗಳ ಕಿವಿಚುಚ್ಚುವ ಊಟಕ್ಕೆ ಹಂಡೆಯಲ್ಲಿ ಪೊಂಗಲ್, ಅಂದರೆ ನಮ್ಮ ಹುಗ್ಗಿ, ತಿರುವುತ್ತಿದ್ದಳು. ಅಣ್ಣನ ಹುಟ್ಟಿನಿಂದ! ಕಿತ್ತುಕೊಂಡು ಕೂಗಾಡಿದೆ.

"ಕೋಪ ಮಾಡ್ಕೋಬೇಡ ತಂಬಿ, ಅಡುಗೆ ತುಡುಪ್ಪು ಅಂತ ಎತ್ಕೊಂಡೆ," ಎಂದಳು. ತಂಬಿ ಎಂದರೆ ತಮ್ಮ. ತುಡುಪ್ಪು ಎಂದರೆ ಹಂಡೆ ತಿರುವುವ ಮರದ ಕೈ. ಅವರಲ್ಲಿ ದೋಣಿಯ ಹುಟ್ಟಿಗೂ ಅದೇ ಹೆಸರಂತೆ. ತಮ್ಮ ಎಂದದ್ದಕ್ಕೋ ಏನೋ, ನಡೆದದ್ದನ್ನೆಲ್ಲ ಹೇಳಿ ಅತ್ತುಬಿಟ್ಟೆ.

ಅವಳು ಅಲಗನ್ನು ತೊಳೆದುಕೊಟ್ಟಳು. "ಅಣ್ಣನ್ನ ಇನ್ನೂ ನೀರಲ್ಲೇ ನಿಲ್ಸಿದ್ಯಾ? ಹೋಗು, ಇವತ್ತೇ ದಾಟಿಸು."

ಭದ್ರೆಯ ಕಡವಿನಲ್ಲಿ ಮುದುಕ ಅಂಬಿಗನೊಬ್ಬ ದೋಣಿ ಕೊಡಲು ಒಪ್ಪಿದ. "ಬಾ ಮಾರಾಯ, ನೀನೇ ನಡೆಸು," ಎಂದು ಪಕ್ಕಕ್ಕೆ ಸರಿದು ಕೂತ. ಅಣ್ಣನ ಹುಟ್ಟನ್ನು ನೀರಿಗಿಳಿಸಿದೆ. ಆಚೆ ದಡ ಮುಟ್ಟಿದಾಗ ಹೇಳಿದೆ: "ದಡ ಬಂತು ಅಣ್ಣ, ಇಳಿ."

ಆಳು ಇಳಿದಾಗ ಏಳುವ ಹಾಗೆ ದೋಣಿ ಒಂದು ಬೆರಳು ಮೇಲೆದ್ದಿತು.

ಮುದುಕ ಬೆಚ್ಚಿ ತಿರುಗಿದ. "ಯಾರೋ ಇಳಿದಿದ್ದು?"

ಅಂದಿನಿಂದ ಅಲಗು ಒದ್ದೆಯಾಗಿಲ್ಲ. ಆದರೆ ಮೊನ್ನೆ ಅವ್ವ ಮಾಸ್ತರರ ಕೈಲಿ ಬರೆಸಿದ ಕಾಗದ ಬಂತು. "ಹುಟ್ಟು ತಗೊಂಡು ಬೇಗ ಬಾ ಮಗನೇ. ಅಣ್ಣನ್ನ ನಮ್ಮ ದಡಕ್ಕೆ ಇಳಿಸು. ದಿನಾ ಕಡವಿನಲ್ಲಿ ಕೂತಿರ್ತೀನಿ."

ದಾಟಿಸುವ ಹೊತ್ತಿನಲ್ಲಿ ನನಗೆ ನಮ್ಮ ದಡ ನೆನಪಾಗಲೇ ಇಲ್ಲ. ಅಣ್ಣನನ್ನು ಪರವೂರಿನಲ್ಲಿ ಇಳಿಸಿಬಿಟ್ಟೆ. ಈಗ ಅವನನ್ನು ಇಲ್ಲಿ ಬಿಟ್ಟು ಬರಲಾರೆ, ಇದು ನನ್ನೂರು ಎಂದು ಇರಲೂ ಆರೆ. ಅವ್ವನಿಗೆ ಏನು ಬರೆಯಲಿ? ಊರವರೇ, ಸಂಜೆಯಾದರೆ ನೀವಾದರೂ ಅವಳನ್ನು ಕಡವಿನಿಂದ ಎಬ್ಬಿಸಿ ಮನೆಗೆ ಕರೆದುಕೊಂಡು ಹೋಗಿ.