ಮಲ್ಲಪ್ಪನ ಹಾಜರಿ

ಸನತ್‌ನಗರದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ನಿಂತು ಮೊಣಕಾಲು ಸವೆಸಿಕೊಂಡ ಬಂಡೆಪ್ಪನಿಗೆ ನಿವೃತ್ತಿಯಾದ ಮೇಲೆ ಹತ್ತಿದ ಹುಚ್ಚು ಒಂದೇ: ತನ್ನ ಜೊತೆ ಹತ್ತನೆಯ ತರಗತಿಯಲ್ಲಿದ್ದವರನ್ನೆಲ್ಲ ಹುಡುಕಿ ಒಂದು ಕಡೆ ಕೂಡಿಸುವುದು. ನಲವತ್ಮೂರು ವರ್ಷದ ಹಿಂದೆ ಅದೇ ತೆಲುಗು ನಗರದ ಒಂದು ಕನ್ನಡ ಶಾಲೆಯಲ್ಲಿ ಅವನ ಜೊತೆ ಇಪ್ಪತ್ತೇಳು ಮಕ್ಕಳಿದ್ದರು. ಇಪ್ಪತ್ತೈದು ಮಂದಿ ಸಿಕ್ಕರು. ಒಬ್ಬಳು ತೀರಿಕೊಂಡಿದ್ದಳು. ಸಿಗದೆ ಉಳಿದವನು ಮಲ್ಲಪ್ಪ. ನಿಜ ಹೇಳಬೇಕೆಂದರೆ ಬಂಡೆಪ್ಪ ಇಷ್ಟೆಲ್ಲ ಒದ್ದಾಡಿದ್ದು ಅವನೊಬ್ಬನಿಗಾಗಿ.

ಇಬ್ಬರದೂ ಬೀದರ್ ಕಡೆಯ ಒಂದೇ ಊರು, ಶಾಲೆಯಲ್ಲಿ ಒಂದೇ ಬೆಂಚು. ಮಲ್ಲಪ್ಪ ವಾರದಲ್ಲಿ ಮೂರು ದಿನ ಅಪ್ಪನ ಜೊತೆ ಸಿಮೆಂಟು ಕಲಸಲು ಹೋಗುತ್ತಿದ್ದ. ಲೆಕ್ಕದ ಮಾಸ್ತರು ಅವನ ಹೆಸರು ಕೂಗಿದಾಗ ಬಂಡೆಪ್ಪ ತಲೆ ಬಗ್ಗಿಸಿ, ದನಿ ಬದಲಿಸಿ, “ಹಾಜರ್ ಸರ್” ಅನ್ನುತ್ತಿದ್ದ. ಒಂದು ದಿನ ಸಿಕ್ಕಿಬಿದ್ದ. ಬೆತ್ತದೇಟು ತಿಂದವನು ಮರುದಿನದಿಂದ ಬಾಯಿ ಬಿಡಲಿಲ್ಲ. ತಿಂಗಳೊಳಗೆ ಮಲ್ಲಪ್ಪನ ಹೆಸರಿನ ಮೇಲೆ ಕೆಂಪು ಗೀಟು ಬಿತ್ತು. ಅವನು ಮತ್ತೆ ಶಾಲೆಯ ಕಡೆ ಸುಳಿಯಲಿಲ್ಲ.

ಅದೇ ಮಾಸ್ತರು, ಈಗ ಎಂಬತ್ತು ದಾಟಿದವರು, ಕೂಟಕ್ಕೆ ಬಂದು ಹಾಜರಿ ಕೂಗಲು ಒಪ್ಪಿದ್ದರು. ಮಲ್ಲಪ್ಪ ತನ್ನ ಬಾಯಿಂದಲೇ ಹಾಜರ್ ಅನ್ನಬೇಕು, ತಾನದನ್ನು ಕೇಳಬೇಕು. ಬಂಡೆಪ್ಪನಿಗೆ ಬೇಕಾಗಿದ್ದದ್ದು ಅಷ್ಟೇ.

ಲಿಂಗಂಪಲ್ಲಿಯಲ್ಲಿ ಮುಂಜಾನೆ ಕೂಲಿಯವರು ನಿಲ್ಲುವ ಅಡ್ಡಾದಲ್ಲಿ ವಾರಗಟ್ಟಲೆ ವಿಚಾರಿಸಿದ ಮೇಲೆ, ಒಂದು ದಿನ ಮಲ್ಲಪ್ಪನೇ ಎದುರು ಬಂದು ನಿಂತ. ಕೈಯಲ್ಲಿ ಗಾರೆಯ ಕರಣೆ.

“ಲೇ ಬಂಡ್ಯಾ! ಹೊಟ್ಟಿ ನೋಡಲೇ ನಿಂದು, ಒಳಗ ಸಂಪ್ ಕಟ್ಟಿಸಿಯೇನು?”

“ನಿಂದರ ಏನ್ ಉಳದೈತಿ, ಬರೇ ಕಬ್ಬಿಣದ ಸಲಾಕಿ. ಬರೂ ಐತವಾರ ಉಪ್ಪಲ್‌ದಾಗ ಎಲ್ಲಾರೂ ಕೂಡಾಕತ್ತೀವಿ. ಹಾಲ್ ಹಿಡದೀವಿ. ನೀ ಬರಬೇಕು.”

“ಐತವಾರ ಎಳ್ಳಮಾಸಿ ಹಬ್ಬ ಐತಲೋ! ಅಡ್ಡಾದಾಗ ನಮ್ಮ ಮಂದಿ ಒಬ್ರೂ ಇರಂಗಿಲ್ಲ. ಹೊಲಕ್ಕ ಹೋಗಬೇಕು, ಭೂಮ್ತಾಯಿಗೆ ಎಡಿ ಅಂತ ಚರಗ ಚೆಲ್ಲಬೇಕು, ಭಜ್ಜಿ ರೊಟ್ಟಿ ಉಣ್ಣಬೇಕು. ನೆಪ್ಪಿಲ್ಲೇನು ನಿನಗ?”

ಬಂಡೆಪ್ಪನ ಮುಖ ಇಳಿಯಿತು. ಅವ್ವ ಸತ್ತು, ಹೊಲ ಮಾರಿ ಹನ್ನೆರಡು ವರ್ಷ. ಅಲ್ಲಿಂದಾಚೆ ಅವನ ಕ್ಯಾಲೆಂಡರಿನಲ್ಲಿ ಭಾನುವಾರಗಳಷ್ಟೇ ಉಳಿದಿದ್ದವು. ಆ ತಾರೀಖು ಇಟ್ಟವನೂ ಅವನೇ.

ತಾರೀಖು ಮುಂದೂಡಲಾದೀತೇ ಎಂದು ಅಲ್ಲೇ ನಿಂತು ವೀರಭದ್ರಪ್ಪನಿಗೆ ಫೋನ್ ಮಾಡಿದ. ಮೈಸೂರು ಕಡೆಯ ವೀರಭದ್ರಪ್ಪ ಅದೇ ತರಗತಿಯವನು, ಹಾಲ್ ಗೊತ್ತುಮಾಡಿದವನು.

“ಆಗಲ್ಲ ಕಣಯ್ಯ. ದೂರದಿಂದ ಬರೋರದ್ದೆಲ್ಲ ಟಿಕೆಟ್ ಆಗಿದೆ. ಒಬ್ಬನಿಗೋಸ್ಕರ ಎಲ್ಲರನ್ನೂ ನಿಲ್ಲಿಸ್ತೀಯಾ?”

ಮಲ್ಲಪ್ಪ ನಗುತ್ತಲೇ ಇದ್ದ. “ಬಿಡಲೇ. ನೀನ ಅಂದಬಿಡು ಹಾಜರ್ ಅಂತ, ಮೊದಲಿನಂಗ. ಇಲ್ಲಂದ್ರ ಊರಿಗೆ ಬಾ. ನನ್ನ ಹೊಲ ಐತಿ, ರೊಟ್ಟಿಗೇನ್ ಕಮ್ಮಿ?”

ಬಂಡೆಪ್ಪ ಹೋಗಲಿಲ್ಲ. ಕೂಟಕ್ಕೆ ಎಲ್ಲರನ್ನೂ ಕರೆದವನೇ ಇಲ್ಲದಿದ್ದರೆ ಹೇಗೆ?

ಭಾನುವಾರ ಮಾಸ್ತರು ಕನ್ನಡಕ ಏರಿಸಿ ಒಂದೊಂದೇ ಹೆಸರು ಕೂಗಿದರು. ಅರವತ್ತರ ಗಂಡಸರು, ಹೆಂಗಸರು ಮಕ್ಕಳಂತೆ ಎದ್ದು ನಿಂತು ಉತ್ತರ ಕೊಟ್ಟರು.

“ಮಲ್ಲಪ್ಪ.”

ಎಲ್ಲರೂ ಬಂಡೆಪ್ಪನ ಕಡೆ ತಿರುಗಿದರು. “ಹೇಳ್ರೀ ಬಂಡೆಪ್ಪ, ನಿಮ್ಮ ಹಳೇ ಕೆಲಸ!” ಎಂದು ಜೊತೆಗೆ ಓದಿದ್ದ ನಲಿನಿ ಕಿಚಾಯಿಸಿದಳು. ಅವನು ಎದ್ದ. ತಲೆ ಬಗ್ಗಿಸಲು ಹೋದವನು ಮತ್ತೆ ನೆಟ್ಟಗೆ ನಿಂತ.

“ಊರಿಗೆ ಹೋಗ್ಯಾನ್ರಿ ಸರ್. ಎಳ್ಳಮಾಸಿ.”

“ಮತ್ತ ನೀ ಯಾಕ ಹೋಗಿಲ್ಲ?” ಎಂದರು ಮಾಸ್ತರು.

ಬಂಡೆಪ್ಪ ಗೋಡೆಯ ಗಡಿಯಾರ ನೋಡಿದ. ಹನ್ನೆರಡೂವರೆ. ಇಷ್ಟೊತ್ತಿಗೆ ಚರಗ ಚೆಲ್ಲಿ, ಮರದ ನೆರಳಿನಲ್ಲಿ ಊಟಕ್ಕೆ ಕೂತಿರುತ್ತಾರೆ. ಅವನು ಕುಳಿತ. ಮಾಸ್ತರು ಮುಂದಿನ ಹೆಸರು ಕೂಗಿದರು.